ಹುಡುಕಿದಾಗ ಮೊದಲು ಬರುವ ಡೌನ್‌ಲೋಡ್ ಲಿಂಕ್ ಒತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ. ವಿಎಲ್‌ಸಿ, ಜಿಂಪ್, ಓಬಿಎಸ್, ಕೀಪಾಸ್ ತರಹದ ಉಚಿತ ಸಾಫ್ಟ್‌ವೇರ್ ಬೇಕಾದಾಗ ಅದರ ಹೆಸರು ಟೈಪ್ ಮಾಡಿ, ಎಲ್ಲಕ್ಕಿಂತ ಮೇಲೆ ಕಾಣುವ ಲಿಂಕ್ ಒತ್ತುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಟ್ಟುಬಿಡಿ. ಅಂಥ ಒಂದು ಕ್ಲಿಕ್‌ನಿಂದ ನಾನು ಕೆಲಸ ಮಾಡುವ ಕಡೆ ಏನಾಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ. ಬರಹ ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ.

ನಾನು ಸಿಸ್ಟಮ್ ಅಡ್ಮಿನ್. ನಮ್ಮದು ಸಣ್ಣ ಆಫೀಸು. ಸರ್ವರ್, ಮೇಲ್, ಬ್ಯಾಕಪ್, ಪ್ರಿಂಟರ್ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಹೊಸಬರಿಗೆ ಕೆಲಸ ಕಲಿಸಲು ಸ್ಕ್ರೀನ್ ರೆಕಾರ್ಡ್ ಮಾಡಬೇಕಿತ್ತು. ಯಾರೋ ಓಬಿಎಸ್ ಬಳಸಿ ಎಂದರಂತೆ. ಸಲಹೆ ಸರಿಯಾಗಿಯೇ ಇತ್ತು. ಓಬಿಎಸ್ ಒಳ್ಳೆಯ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್, ನಾನೂ ಬಳಸುತ್ತೇನೆ. ಅವರು ಹೆಸರು ಟೈಪ್ ಮಾಡಿದರು. ಮೇಲೆ ಬಂದ ಲಿಂಕ್ ಜಾಹೀರಾತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದು ಬರೆದಿತ್ತು. ಅಷ್ಟು ಸಣ್ಣದನ್ನು ಕೆಲಸದ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ನಾನು ಅವರನ್ನು ದೂರುವುದಿಲ್ಲ.

ತೆರೆದ ಪುಟ ಅಸಲಿ ಪುಟದ ಪಡಿಯಚ್ಚು. ಅದೇ ಗುರುತು, ಅದೇ ಬಣ್ಣ, ಅದೇ ಬಟನ್‌ಗಳು. ವಿಳಾಸ ಮಾತ್ರ ಬೇರೆ. ಓಬಿಎಸ್‌ನ ನಿಜವಾದ ವಿಳಾಸ ಓಬಿಎಸ್‌ಪ್ರಾಜೆಕ್ಟ್ ಡಾಟ್ ಕಾಮ್. ಗೊತ್ತಿಲ್ಲದವರಿಗೆ ಇದೇ ನಕಲಿಯಂತೆ ಕಾಣಬಹುದು! ಕಳ್ಳರು ಇಟ್ಟಿದ್ದ ವಿಳಾಸ ಅದಕ್ಕಿಂತ ಚೊಕ್ಕವಾಗಿತ್ತು. ಇಳಿಸಿಕೊಂಡ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪುಟದಲ್ಲೇ ಕೊಟ್ಟಿದ್ದರು. ಇದು ಸುರಕ್ಷತೆಗಾಗಿ ಹಾಕಿದ ಬೀಗವಲ್ಲ. ಬೀಗ ಹಾಕಿದ ಜಿಪ್ ಒಳಗೆ ಆಂಟಿವೈರಸ್ ಇಣುಕಲಾರದು, ಅದಕ್ಕೇ ಹಾಗೆ ಮಾಡುತ್ತಾರೆ.

ಫೈಲ್ ತೆರೆದಾಗ ಓಬಿಎಸ್ ನಿಜಕ್ಕೂ ಬಂತು. ಚೆನ್ನಾಗಿ ಕೆಲಸವೂ ಮಾಡಿತು. ಅವರು ವಿಡಿಯೊ ರೆಕಾರ್ಡ್ ಮಾಡಿ ಮುಗಿಸಿ ಮನೆಗೆ ಹೋದರು. ಏನೋ ಕೆಟ್ಟರೆ ತಾನೇ ನಮಗೆ ಅನುಮಾನ ಬರುವುದು? ಇಲ್ಲಿ ಏನೂ ಕೆಡಲಿಲ್ಲ. ಓಬಿಎಸ್ ತೆರೆದುಕೊಳ್ಳುತ್ತಿದ್ದಾಗಲೇ ಪಕ್ಕದಲ್ಲಿ ಇನ್ನೊಂದು ಪ್ರೋಗ್ರಾಂ ಸದ್ದಿಲ್ಲದೆ ಓಡಿ, ಬೇಕಾದ್ದನ್ನು ಬಾಚಿಕೊಂಡು ಹೊರಗೆ ಕಳಿಸಿಬಿಟ್ಟಿತ್ತು. ಇಂಥವಕ್ಕೆ ಇನ್ಫೋಸ್ಟೀಲರ್ ಎನ್ನುತ್ತಾರೆ. ರೆಡ್‌ಲೈನ್, ವಿಡಾರ್, ಲುಮ್ಮಾ ಎಂಬ ಹೆಸರುಗಳನ್ನು ನೀವು ಸುದ್ದಿಯಲ್ಲಿ ಕೇಳಿರಬಹುದು. ಇವು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವುದಿಲ್ಲ, ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಕದಿಯುತ್ತವೆ, ಹೋಗುತ್ತವೆ.

ನಮಗೆ ಗೊತ್ತಾಗಿದ್ದು ಗ್ರಾಹಕರೊಬ್ಬರ ಫೋನಿನಿಂದ. “ಸರ್, ನಿಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಬಂದಿದೆ. ನಿಜಾನಾ?” ಎಂದು ಕೇಳಿದರು. ಮೇಲ್ ನಮ್ಮ ಸಹೋದ್ಯೋಗಿಯ ಖಾತೆಯಿಂದಲೇ ಹೋಗಿತ್ತು. ಹಳೆಯ ಮಾತುಕತೆಯ ಕೆಳಗೇ, ಅವರದೇ ಶೈಲಿಯಲ್ಲಿ, ಅವರ ಸಹಿಯೊಂದಿಗೆ. ಫೋನ್ ಮಾಡಿ ಕೇಳಿದವರು ಉಳಿದುಕೊಂಡರು. ಕೇಳದೆ ಹಣ ಕಳಿಸಿದ ಇನ್ನೊಬ್ಬರಿಗೆ ಆ ಹಣ ವಾಪಸ್ ಬಂದಿಲ್ಲ.

ಕಳ್ಳರು ಆ ಖಾತೆಯಲ್ಲಿ ಒಂದು ನಿಯಮವನ್ನೂ ಮಾಡಿಟ್ಟಿದ್ದರು. ‘ಖಾತೆ’, ‘ಪಾವತಿ’ ಎಂಬ ಪದಗಳಿರುವ ಉತ್ತರಗಳು ಬಂದರೆ ಅವು ಇನ್‌ಬಾಕ್ಸ್‌ಗೆ ಬಾರದೆ, ಯಾರೂ ತೆರೆಯದ ಮೂಲೆಯ ಫೋಲ್ಡರ್‌ಗೆ ಹೋಗಬೇಕು. ಹಾಗಾಗಿ ಅನುಮಾನಪಟ್ಟು ಉತ್ತರ ಬರೆದವರ ಮೇಲ್‌ಗಳು ನಮ್ಮ ಕಣ್ಣಿಗೇ ಬೀಳಲಿಲ್ಲ.

ಎಲ್ಲರಿಗೂ ತಿಳಿದಿರಬೇಕಾದ ವಿಷಯ ಮುಂದಿನದು. ಆ ಖಾತೆಗೆ ಎರಡು ಹಂತದ ಲಾಗಿನ್ ಇತ್ತು. ಪಾಸ್‌ವರ್ಡ್ ಕೊಟ್ಟ ಮೇಲೆ ಫೋನಿಗೆ ಬರುವ ಕೋಡ್ ಕೂಡ ಬೇಕು. ಆದರೂ ಅವರು ಒಳಗೆ ಬಂದರು. ಹೇಗೆ? ನಾವು ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಕುಕಿಯನ್ನು ಇಟ್ಟುಕೊಳ್ಳುತ್ತದೆ. ಮದುವೆ ಊಟಕ್ಕೆ ಹೋದಾಗ ಬಾಗಿಲಲ್ಲಿ ಒಮ್ಮೆ ಕೈಗೆ ಕಟ್ಟುವ ಪಟ್ಟಿಯ ಹಾಗೆ, ಅದನ್ನು ತೋರಿಸಿದರೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ಸ್ಟೀಲರ್ ಆ ಕುಕಿಯನ್ನೇ ಎತ್ತಿಕೊಂಡು ಹೋಗುತ್ತದೆ. ಕಳ್ಳ ತನ್ನ ಬ್ರೌಸರಿಗೆ ಅದನ್ನು ಹಾಕಿಕೊಂಡರೆ ಸಾಕು, ಪಾಸ್‌ವರ್ಡೂ ಬೇಡ, ಕೋಡೂ ಬೇಡ. ಎರಡು ಹಂತದ ಲಾಗಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ಖಂಡಿತ ಇಟ್ಟುಕೊಳ್ಳಿ. ಆದರೆ ನಿಮ್ಮ ಕಂಪ್ಯೂಟರಿನಲ್ಲೇ ಕಳ್ಳ ಪ್ರೋಗ್ರಾಂ ಓಡಿದರೆ ಅದು ಕಾಯುವುದಿಲ್ಲ.

“ಆ ಕಂಪ್ಯೂಟರಿನಲ್ಲಿ ಅವರಿಗೆ ಅಡ್ಮಿನ್ ಅಧಿಕಾರ ಇತ್ತಾ?” ಎಂದು ಹಲವರು ಕೇಳಿದರು. ಇರಲಿಲ್ಲ. ಅದರ ಅಗತ್ಯವೂ ಕಳ್ಳನಿಗೆ ಬೀಳಲಿಲ್ಲ. ಇವತ್ತು ಬೆಲೆಬಾಳುವ ವಸ್ತುಗಳೆಲ್ಲ ಇರುವುದು ಬಳಕೆದಾರರ ಸ್ವಂತ ಫೋಲ್ಡರಿನಲ್ಲೇ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಕುಕಿಗಳು, ಡಾಕ್ಯುಮೆಂಟ್‌ಗಳು. ವಿಂಡೋಸ್‌ನಲ್ಲಿ ಬಹಳ ಕಾಲ ಕ್ರೋಮ್ ಉಳಿಸಿದ ಪಾಸ್‌ವರ್ಡ್‌ಗಳನ್ನು, ಅದೇ ಬಳಕೆದಾರರ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಬೇಕಾದರೂ ಬಿಡಿಸಿ ಓದಬಹುದಿತ್ತು. 2024ರಲ್ಲಿ ಗೂಗಲ್ ಕ್ರೋಮ್‌ಗೆ ಇನ್ನೊಂದು ರಕ್ಷಣೆ ಸೇರಿಸಿತು. ಸ್ಟೀಲರ್ ಬರೆಯುವವರು ಅದನ್ನೂ ದಾಟುವ ದಾರಿ ಬೇಗನೆ ಹುಡುಕಿದರು. ಅದಕ್ಕೇ ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಉಳಿಸುವುದು ನನಗೆ ಇಷ್ಟವಿಲ್ಲ. ಬೇರೆ ಪಾಸ್‌ವರ್ಡ್ ಮ್ಯಾನೇಜರ್ ಇರಲಿ, ಕೆಲಸ ಮುಗಿದ ಮೇಲೆ ಅದು ಲಾಕ್ ಆಗಲಿ.

ಸರಿ, ಆಮೇಲೆ ನಡೆದದ್ದು ನನಗೆ ಇನ್ನೂ ಜಾಸ್ತಿ ಬೇಸರ ತಂದಿತು. ಮೇಲಿನವರು ಸಭೆ ಕರೆದರು. “ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಹೀಗೇ. ಇನ್ನು ಮೇಲೆ ಓಪನ್ ಸೋರ್ಸ್ ಯಾವುದೂ ಬೇಡ” ಎಂದು ತೀರ್ಮಾನಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕದ್ದದ್ದು ಓಬಿಎಸ್ ಅಲ್ಲ. ಓಬಿಎಸ್ ಹೆಸರಿಟ್ಟುಕೊಂಡ ಬೇರೆಯೇ ಪ್ರೋಗ್ರಾಂ. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನ ಹೆಸರಿನಲ್ಲೂ ಇದೇ ಮೋಸ ನಡೆಯುತ್ತದೆ. ಅಷ್ಟಕ್ಕೂ ನಮ್ಮ ಮೇಲ್ ಸರ್ವರ್, ವೆಬ್ ಸರ್ವರ್, ಬ್ಯಾಕಪ್ ಎಲ್ಲ ಓಡುತ್ತಿರುವುದು ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೆ. ಅದನ್ನೂ ತೆಗೆಯಬೇಕಾ?

ಓಪನ್ ಸೋರ್ಸ್‌ಗೆ ಅಪಾಯವೇ ಇಲ್ಲ ಎನ್ನುವವನೂ ನಾನಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ, ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳಗೆ ಬರುವ ಗುಪ್ತ ದಾರಿ, ಸಿಕ್ಕಿತು. ನಂಬಿಕೆ ಗಳಿಸಿ ಯೋಜನೆಯ ಒಳಗೇ ಬಂದವರು ಅದನ್ನು ಸೇರಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅವರು ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಕೋಡ್ ಎಲ್ಲರ ಕೈಗೂ ಸಿಗುವಂತಿದ್ದದ್ದು ಆ ಹುಡುಕಾಟಕ್ಕೆ ನೆರವಾಯಿತು. ಆದರೆ ಅದು ತೀರಾ ಅಪರೂಪದ ದಾಳಿ. ನಮ್ಮ ಆಫೀಸಿಗೆ ಬಂದದ್ದು ದಿನನಿತ್ಯದ ಕಳ್ಳತನ. ಸಾಮಾನ್ಯ ಬಳಕೆದಾರರು ಹೆದರಬೇಕಾದ್ದು ಇದಕ್ಕೆ.

ಇದು ಹೊಸದೂ ಅಲ್ಲ. 2022ರಲ್ಲಿ ಜಿಂಪ್ ಹೆಸರಿನಲ್ಲಿ ಗೂಗಲ್ ಹುಡುಕಾಟದಲ್ಲಿ ಬಂದ ಜಾಹೀರಾತಿನಲ್ಲಿ ವಿಳಾಸವೂ ‘ಜಿಂಪ್ ಡಾಟ್ ಆರ್ಗ್’ ಎಂದೇ ಕಾಣುತ್ತಿತ್ತು. ಒತ್ತಿದರೆ ಹೋಗುತ್ತಿದ್ದದ್ದು ಬೇರೆ ಕಡೆಗೆ. ಅಲ್ಲಿ ಕೊಡುತ್ತಿದ್ದ ಫೈಲಿನ ನಿಜವಾದ ಗಾತ್ರ 5 ಎಂಬಿಯಷ್ಟು. ಅದಕ್ಕೆ ಹುಸಿ ಡೇಟಾ ತುಂಬಿ 700 ಎಂಬಿಯಷ್ಟು ಉಬ್ಬಿಸಿದ್ದರು. ದೊಡ್ಡ ಫೈಲುಗಳನ್ನು ಹಲವು ಸ್ಕ್ಯಾನರ್‌ಗಳು ಪರೀಕ್ಷಿಸುವುದಿಲ್ಲ. 2023ರಲ್ಲಿ ಕೀಪಾಸ್ ಹೆಸರಿನಲ್ಲಿ ಬಂದ ನಕಲಿ ಪುಟದ ವಿಳಾಸದಲ್ಲಿ ಮೊದಲ ‘ಕೆ’ ಅಕ್ಷರದ ಕೆಳಗೆ ಒಂದು ಚಿಕ್ಕ ಗುರುತು ಇತ್ತು, ಅಷ್ಟೇ ವ್ಯತ್ಯಾಸ. ಪರದೆಯ ಮೇಲಿನ ಧೂಳು ಎಂದುಕೊಳ್ಳುವಷ್ಟು ಚಿಕ್ಕದು. ವಿಳಾಸ ನೋಡಿ ಒತ್ತಿ ಎಂಬ ಹಳೆಯ ಸಲಹೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ನಮ್ಮಂಥ ಅಡ್ಮಿನ್‌ಗಳನ್ನೂ ಅವರು ಬಿಟ್ಟಿಲ್ಲ. ದೂರದ ಸರ್ವರಿಗೆ ಲಾಗಿನ್ ಆಗಲು, ಫೈಲ್ ಕಳಿಸಲು ನಾವು ಬಳಸುವ ಪುಟ್ಟಿ, ವಿನ್‌ಎಸ್‌ಸಿಪಿ ಹೆಸರಿನ ಜಾಹೀರಾತುಗಳು ಬಂದದ್ದು ನಮಗಾಗಿಯೇ. ಅಡ್ಮಿನ್ ಒಬ್ಬ ಸಿಕ್ಕಿದರೆ ಇಡೀ ನೆಟ್‌ವರ್ಕ್ ಸಿಕ್ಕಿದ ಹಾಗೆ. ಇನ್ನೊಂದು ವಿಷಯ ಎಷ್ಟೋ ಅಡ್ಮಿನ್‌ಗಳಿಗೇ ಗೊತ್ತಿಲ್ಲ. ಪುಟ್ಟಿ ಡಾಟ್ ಆರ್ಗ್ ಎಂಬ ತಾಣ ಪುಟ್ಟಿ ಬರೆದವರದ್ದಲ್ಲ.

ಹಾಗಾದರೆ ಎಲ್ಲಿಂದ ಇಳಿಸಿಕೊಳ್ಳಬೇಕು? ಲಿನಕ್ಸ್ ಬಳಸುವವರಿಗೆ ಉತ್ತರ ಸುಲಭ. ಡೆಬಿಯನ್, ಉಬುಂಟು, ಫೆಡೋರಾ ತರಹದ ಲಿನಕ್ಸ್‌ಗಳಲ್ಲೆಲ್ಲ ಅವುಗಳದೇ ಸಾಫ್ಟ್‌ವೇರ್ ಭಂಡಾರ ಇದೆ. ಅಲ್ಲಿಂದ ಬರುವ ಪ್ಯಾಕೇಜ್ ಅಸಲಿಯೋ ಅಲ್ಲವೋ ಎಂದು ಡಿಜಿಟಲ್ ಸಹಿಯಿಂದ ಸಿಸ್ಟಮ್ ತಾನೇ ಪರೀಕ್ಷಿಸುತ್ತದೆ. ಬ್ರೌಸರ್ ತೆರೆಯುವ ಅಗತ್ಯವೇ ಇಲ್ಲ. ವಿಂಡೋಸ್‌ನಲ್ಲಿ ಜನ ಇನ್ನೂ ಹುಡುಕಿ ಇಳಿಸಿಕೊಳ್ಳುವುದನ್ನೇ ರೂಢಿ ಮಾಡಿಕೊಂಡಿದ್ದಾರೆ, ಆದರೆ ಅಲ್ಲೂ ಸಾಫ್ಟ್‌ವೇರ್ ತಾನೇ ತಂದು ಹಾಕುವ ವಿನ್‌ಗೆಟ್ ಇದೆ. ಟರ್ಮಿನಲ್ ತೆರೆದು ‘ವಿನ್‌ಗೆಟ್ ಇನ್‌ಸ್ಟಾಲ್’ ಎಂದು ಬರೆದು ಸಾಫ್ಟ್‌ವೇರಿನ ಪೂರ್ತಿ ಗುರುತಿನ ಹೆಸರು ಕೊಟ್ಟರೆ ಸಾಕು. ಇಳಿದ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ತಾಳೆಯಾಗದಿದ್ದರೆ ಅದು ಅಲ್ಲೇ ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ವಿಂಡೋಸ್‌ಗೆ ಈಚಿನ ವರ್ಷಗಳಲ್ಲಿ ಬಂದ ಅತಿ ಉಪಯುಕ್ತ ಸೌಲಭ್ಯಗಳಲ್ಲಿ ಇದೂ ಒಂದು. ಬಳಸುವವರು ತೀರಾ ಕಡಿಮೆ ಎಂಬುದೇ ದುಃಖ.

ತಾಣಕ್ಕೇ ಹೋಗಬೇಕಾದರೆ ವಿಳಾಸವನ್ನು ನೀವೇ ಟೈಪ್ ಮಾಡಿ, ಆಮೇಲೆ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ವಿಎಲ್‌ಸಿಗೆ ವಿಡಿಯೊಲ್ಯಾನ್ ಡಾಟ್ ಆರ್ಗ್. ಲಿಬ್ರೆ ಆಫೀಸ್‌ಗೆ ಲಿಬ್ರೆಆಫೀಸ್ ಡಾಟ್ ಆರ್ಗ್. ಸೆವೆನ್ ಜಿಪ್‌ನ ವಿಳಾಸದಲ್ಲಿ 7 ಮತ್ತು ಜಿಪ್ ನಡುವೆ ಅಡ್ಡಗೆರೆ ಇದೆ, ಕೊನೆಗೆ ಡಾಟ್ ಆರ್ಗ್. ಕೀಪಾಸ್‌ಗೆ ಡಾಟ್ ಇನ್ಫೋ. ನೋಡಿ, ಇವುಗಳಲ್ಲಿ ಒಂದೇ ಪದ್ಧತಿ ಎಂಬುದಿಲ್ಲ. ಊಹಿಸಿ ಬರೆಯಲು ಹೋದರೆ ಎಡವುವುದು ಖಂಡಿತ. ನೂರಾರು ಸಾಫ್ಟ್‌ವೇರ್ ಒಟ್ಟಿಗೆ ಇಟ್ಟುಕೊಂಡ ಡೌನ್‌ಲೋಡ್ ತಾಣಗಳಿಂದಲೂ ದೂರ ಇರಿ. ಒಂದು ಕಾಲದಲ್ಲಿ ಓಪನ್ ಸೋರ್ಸ್ ಯೋಜನೆಗಳ ತವರಾಗಿದ್ದ ಸೋರ್ಸ್‌ಫೋರ್ಜ್ ಕೂಡ 2015ರಲ್ಲಿ ಜಿಂಪ್‌ನ ವಿಂಡೋಸ್ ಫೈಲಿಗೆ ಜಾಹೀರಾತಿನ ಕಸ ಸುತ್ತಿ ಹಂಚಿ ಹೆಸರು ಕೆಡಿಸಿಕೊಂಡಿತ್ತು. ಮರುವರ್ಷ ಮಾಲೀಕರು ಬದಲಾದ ಮೇಲೆ ಅದು ನಿಂತಿತು.

ಹ್ಯಾಶ್ ಬಗ್ಗೆ ಒಂದು ಮಾತು. ಕೆಲವರು ಪುಟದಲ್ಲಿ ಕೊಟ್ಟ ಹ್ಯಾಶನ್ನು ಇಳಿಸಿದ ಫೈಲಿನ ಜೊತೆ ಹೋಲಿಸಿ ನೋಡಿ ಸಮಾಧಾನಪಡುತ್ತಾರೆ. ಪುಟವೇ ನಕಲಿಯಾದರೆ ಅಲ್ಲಿರುವ ಹ್ಯಾಶ್ ಕೂಡ ಕಳ್ಳನೇ ಬರೆದದ್ದು, ಅಲ್ವಾ? 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಸಲಿ ತಾಣಕ್ಕೇ ನುಗ್ಗಿ, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲಿದ್ದ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲ್) ಕಡೆಗೆ ತಿರುಗಿಸಿದ್ದರು. ಹ್ಯಾಶ್ ಬೇರೆ ಕಡೆಯಿಂದ ಸಿಕ್ಕಿದರೆ ಉಪಯೋಗ. ಯೋಜನೆಯವರ ಸಹಿ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು.

ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರ್‌ನಲ್ಲಿ ಇದೇ ಬಗೆಯ ಮೋಸದ ಬಗ್ಗೆ ಎಚ್ಚರಿಸಿ, ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿ ಎಂದು ಸಲಹೆ ಕೊಟ್ಟಿತ್ತು. ನಾನು ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಆರಿಜಿನ್ ಬಳಸುತ್ತೇನೆ. ಈಗ ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಹಾಕಿದ್ದೇನೆ. ಇನ್ನು, ಇನ್‌ಸ್ಟಾಲ್ ಮಾಡುವಾಗ ಆಂಟಿವೈರಸ್ ಆಫ್ ಮಾಡಿ ಎಂದರೆ, ಅಥವಾ ಈ ಸಾಲನ್ನು ಕಾಪಿ ಮಾಡಿ ‘ರನ್’ ಪೆಟ್ಟಿಗೆಗೆ ಅಂಟಿಸಿ ಎಂದರೆ ಪುಟವನ್ನು ತಕ್ಷಣ ಮುಚ್ಚಿ. ಮುಂದೆ ಓದಲೂ ಬೇಡಿ.

ಈಗಾಗಲೇ ಒತ್ತಿಬಿಟ್ಟಿದ್ದರೆ? ಗಾಬರಿ ಬೇಡ, ಆದರೆ ಕ್ರಮ ತಪ್ಪಬೇಡಿ. ಮೊದಲು ಆ ಕಂಪ್ಯೂಟರಿನ ನೆಟ್ ಕಿತ್ತುಹಾಕಿ. ಅದರಲ್ಲೇ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸ ಪಾಸ್‌ವರ್ಡೂ ಅವರಿಗೇ ಹೋಗುತ್ತದೆ. ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಮೇಲ್ ಖಾತೆಗೆ ಹೋಗಿ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿ, ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಎಷ್ಟೋ ಕಡೆ ಹಳೆಯ ಕುಕಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ನಂತರ ಮೇಲ್‌ನ ನಿಯಮಗಳು, ಫಾರ್ವರ್ಡಿಂಗ್, ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರ್, ಖಾತೆಗೆ ಜೋಡಿಸಿದ ಆ್ಯಪ್‌ಗಳು ಇವನ್ನೆಲ್ಲ ಒಂದೊಂದಾಗಿ ನೋಡಿ. ಮೇಲ್ ಆದ ಮೇಲೆ ಬ್ಯಾಂಕ್, ಆಮೇಲೆ ಉಳಿದವು. ಬ್ರೌಸರಿನಲ್ಲಿ ಉಳಿಸಿದ್ದ ಪ್ರತಿ ಪಾಸ್‌ವರ್ಡೂ ಹೋಗಿದೆ ಎಂದೇ ತಿಳಿಯಿರಿ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಂಟಿವೈರಸ್ ‘ಏನೂ ಇಲ್ಲ’ ಎಂದರೆ ನಂಬಿ ಕೂರಬೇಡಿ. ಕದ್ದ ಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುವ ಸ್ಟೀಲರ್‌ಗಳೂ ಇವೆ.

ನಿಮ್ಮ ಮೇಲ್‌ನಿಂದ ಯಾರಿಗೆಲ್ಲ ಮೋಸದ ಪತ್ರ ಹೋಗಿರಬಹುದೋ ಅವರಿಗೆ ಫೋನ್ ಮಾಡಿ ಹೇಳಿ. ನಾಚಿಕೆಯಿಂದ ಇದನ್ನು ಮುಂದೂಡುವವರೇ ಹೆಚ್ಚು. ಆ ಹೊತ್ತಿನಲ್ಲೇ ಇನ್ನೊಬ್ಬರ ಹಣ ಹೋಗುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಗ್ರಾಹಕರಿಗೆ ಹೇಳುವುದೋ ಬೇಡವೋ ಎಂದು ಮೇಲಿನವರು ಚರ್ಚಿಸುತ್ತಾ ಕೂತಿದ್ದಾಗಲೇ ಆ ಇನ್ನೊಬ್ಬರು ಹಣ ಕಳಿಸಿದ್ದರು.

ಓಪನ್ ಸೋರ್ಸ್ ಮೇಲಿನ ನಿಷೇಧ ಈಗ ಸಡಿಲವಾಗಿದೆ. ನಾನು ಪರೀಕ್ಷಿಸಿದ ಸಾಫ್ಟ್‌ವೇರ್‌ಗಳ ಒಂದು ಪಟ್ಟಿ ಇದೆ. ಬೇಕಾದವರು ಕೇಳಿದರೆ ಅವರ ಕಂಪ್ಯೂಟರಿಗೆ ನಾನೇ ಹಾಕಿಕೊಡುತ್ತೇನೆ, ಅಪ್‌ಡೇಟ್ ಕೂಡ ಅಲ್ಲಿಂದಲೇ ಹೋಗುತ್ತದೆ. ಓಬಿಎಸ್ ಆ ಪಟ್ಟಿಯಲ್ಲಿದೆ. ನಕಲಿ ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದರೆ ಅದರ ಪಕ್ಕದ ಮೂರು ಚುಕ್ಕಿ ಒತ್ತಿ ದೂರು ಕೊಡಿ, ಸ್ಕ್ರೀನ್‌ಶಾಟ್ ತೆಗೆದು ಆ ಸಾಫ್ಟ್‌ವೇರ್ ಯೋಜನೆಯವರಿಗೂ ಕಳಿಸಿ. ಅವರಲ್ಲಿ ಬಹಳಷ್ಟು ಜನ ಸಂಬಳವಿಲ್ಲದೆ ದುಡಿಯುವವರು. ತಮ್ಮ ಹೆಸರಿನಲ್ಲಿ ಯಾರು ಯಾರು ನಕಲಿ ಪುಟ ತೆರೆದಿದ್ದಾರೆ ಎಂದು ಹುಡುಕುತ್ತಾ ಕೂರಲು ಅವರಿಗೆ ಸಮಯವಿಲ್ಲ.