0.7 ಮತ್ತು 0.8 ಅದಲುಬದಲಾದಾಗ: ಜಿನೀ, ನೆಟಿಕಾ, ಪಿಜಿಎಮ್‌ಪೈ ಮೂರರಲ್ಲೂ ಟೇಬಲ್ ತುಂಬಿ ನೋಡಿದೆ

ಬೇಸಿಯನ್ ನೆಟ್‌ವರ್ಕ್ ಅಂದರೆ ಯಾವುದು ಯಾವುದರ ಮೇಲೆ ನಿಂತಿದೆ, ಎಷ್ಟು ಸಾಧ್ಯ ಅಂತ ತೋರಿಸುವ ಚಿತ್ರ. ಅದರಲ್ಲಿ ಗುಂಡು (ಅದೇ ನೋಡ್), ಬಾಣ ಬಿಡಿಸುವುದು ಅರ್ಧ ಗಂಟೆ ಕೆಲಸ. ಆಮೇಲೆ ಪ್ರತಿ ನೋಡ್‌ಗೂ ಸಿಪಿಟಿ, ಅಂದರೆ ‘ಇದು ಹೀಗಿದ್ದರೆ ಅದು ಎಷ್ಟು ಸಾಧ್ಯ’ ಅನ್ನುವ ಟೇಬಲ್ ತುಂಬಬೇಕಲ್ಲ, ಜೀವ ಹೋಗುವುದು ಅಲ್ಲಿ. ಯಾವ ತಂತ್ರಾಂಶ ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಲೆಕ್ಕದ ವೇಗ ಹೇಳುತ್ತಾರೆ, ಟೈಪ್ ಮಾಡುವ ಕಷ್ಟ ಯಾರೂ ಹೇಳುವುದಿಲ್ಲ. ಅದಕ್ಕೇ ಒಂದೇ ನೆಟ್‌ವರ್ಕನ್ನು ಜಿನೀ, ನೆಟಿಕಾ, ಪಿಜಿಎಮ್‌ಪೈ ಅನ್ನುವ ಮೂರು ತಂತ್ರಾಂಶಗಳಲ್ಲಿ ಕೈಯಾರೆ ತುಂಬಿದೆ.

ಆರಿಸಿಕೊಂಡಿದ್ದು ‘ಏಷ್ಯಾ’. 1988ರಲ್ಲಿ ಲಾರಿಟ್ಜೆನ್ ಮತ್ತು ಸ್ಪೀಗಲ್‌ಹಾಲ್ಟರ್ ತಮ್ಮ ಪ್ರಬಂಧದಲ್ಲಿ ಕೊಟ್ಟ ರೋಗ ಪತ್ತೆಯ ಪುಟ್ಟ ಉದಾಹರಣೆ, ಬರೀ 8 ನೋಡ್. ಏಷ್ಯಾಕ್ಕೆ ಹೋಗಿ ಬಂದವರಿಗೆ ಕ್ಷಯ ಇರುವ ಸಾಧ್ಯತೆ 0.05, ಹೋಗದವರಿಗೆ 0.01. ಏಷ್ಯಾದಲ್ಲೇ ಹುಟ್ಟಿ ಬೆಳೆದು ಇದನ್ನು ಟೈಪ್ ಮಾಡುವಾಗ ಸ್ವಲ್ಪ ನಗು ಬರುತ್ತದೆ, ಇರಲಿ.

ಜಿನೀ ನನಗೆ ತುಂಬಾ ಹಿಡಿಸಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಈಗ ಬೇಯ್ಸ್‌ಫ್ಯೂಷನ್ ಕಂಪನಿಯದು. ಓದು, ಸಂಶೋಧನೆಗಾದರೆ ದುಡ್ಡು ಕೊಡಬೇಕಿಲ್ಲ. ನೋಡ್ ತೆರೆದರೆ ಟೇಬಲ್‌ನ ಮೇಲ್ಗಡೆ ಪೇರೆಂಟ್‌ಗಳ (ಅದಕ್ಕೆ ಬಾಣ ಬಿಡುವ ನೋಡ್‌ಗಳ) ಹೆಸರು, ಅದರ ಕೆಳಗೆ ಒಂದೊಂದು ಸ್ಥಿತಿಗೂ ಕಾಲಮ್ ನೀಟಾಗಿ ಕಾಣುತ್ತದೆ. ಒಂದು ಮನೆಯಲ್ಲಿ 0.05 ಬರೆದು ಇನ್ನೊಂದು ಮನೆ ಆರಿಸಿ ಬಟನ್ ಒತ್ತಿದರೆ ಉಳಿದ 0.95 ತಾನೇ ಬಂದು ಕೂರುತ್ತದೆ. ಎಕ್ಸೆಲ್‌ನಿಂದ ಕಾಪಿ ಮಾಡಿ ಅಂಟಿಸಬಹುದು. ಅಂಕಿ ಹೇಳಲು ಹಿಂಜರಿಯುವ ತಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಪೈ ಚಾರ್ಟ್ ತೆರೆದು ‘ಇಷ್ಟಾ ಸರ್, ಇನ್ನೂ ಸ್ವಲ್ಪ ಜಾಸ್ತಿನಾ?’ ಅಂತ ಎಳೆದು ತೋರಿಸಬಹುದು.

ಅದಕ್ಕಿಂತ ದೊಡ್ಡ ಉಪಕಾರ ನಾಯ್ಸಿ ಮ್ಯಾಕ್ಸ್ ನೋಡ್. ಒಂದು ರೋಗಲಕ್ಷಣಕ್ಕೆ 5 ಕಾರಣ ಅಂದುಕೊಳ್ಳಿ, ಎಲ್ಲವೂ ಹೌದು ಅಥವಾ ಇಲ್ಲ. ಪೂರ್ತಿ ಟೇಬಲ್ ಅಂದರೆ 32 ಕಾಲಮ್. ‘ಮೊದಲ ಮೂರು ಇದೆ, ನಾಲ್ಕನೆಯದು ಇಲ್ಲ, ಐದನೆಯದು ಇದೆ, ಆಗ ಎಷ್ಟು?’ ಅಂತ ಕೇಳಿದರೆ ಯಾವ ಡಾಕ್ಟರ್ ತಾನೇ ಉತ್ತರ ಕೊಟ್ಟಾರು? ಇಲ್ಲಿ ಒಂದೊಂದು ಕಾರಣವೂ ಒಂಟಿಯಾಗಿದ್ದಾಗ ಎಷ್ಟು ಅಂತ 5 ಅಂಕಿ, ಹೇಳದ ಕಾರಣಗಳಿಗೆಲ್ಲ ಸೇರಿ ಇನ್ನೊಂದು, ಒಟ್ಟು 6 ಸಾಕು. ಆದರೆ ಕಾರಣಗಳು ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕುವ ಹಾಗಿದ್ದರೆ ಇದು ನಡೆಯುವುದಿಲ್ಲ, ಟೇಬಲ್ಲೇ ಗತಿ.

ನೆಟಿಕಾ ಕೆನಡಾದ ನಾರ್ಸಿಸ್ ಕಂಪನಿಯದು. ಪುಕ್ಕಟೆಯಾಗಿ 15 ನೋಡ್‌ವರೆಗೆ ಬಳಸಬಹುದು, ಏಷ್ಯಾಕ್ಕೆ ಬೇಕಾದಷ್ಟಾಯಿತು. ಇಲ್ಲಿ ಟೇಬಲ್ ಮಗ್ಗುಲು ಬದಲಿಸಿ ಮಲಗಿದೆ: ಪೇರೆಂಟ್‌ಗಳ ಸ್ಥಿತಿ ಸಾಲಿನಲ್ಲಿ, ನೋಡ್‌ನ ಸ್ಥಿತಿ ಕಾಲಮ್‌ನಲ್ಲಿ. ಜಿನೀಯಿಂದ ಬಂದವರಿಗೆ ಎರಡು ದಿನ ಕುತ್ತಿಗೆ ಉಳುಕಿದ ಹಾಗಾಗುತ್ತದೆ. ಆದರೆ ಅಂಕಿಗಳು ಶೇಕಡಾ ಲೆಕ್ಕದಲ್ಲಿ, 0.9 ಅಲ್ಲ, 90. ನೂರು ಜನರಲ್ಲಿ ಎಷ್ಟು ಜನಕ್ಕೆ ಅಂತ ಕೇಳಿ ತುಂಬುವುದು ಎಷ್ಟೋ ಸಲೀಸು.

ಇನ್ನು ಪಿಜಿಎಮ್‌ಪೈ. ಪೈಥಾನ್ ಲೈಬ್ರರಿ, ಉಚಿತ, ಟೇಬಲ್ಲು ಗೀಬಲ್ಲು ಏನೂ ಕಾಣುವುದಿಲ್ಲ, ಎಲ್ಲಾ ನೀವೇ ಲಿಸ್ಟ್ ಆಗಿ ಬರೆಯಬೇಕು. ಇಲ್ಲೇ ನಾನು ಎಡವಿದ್ದು. ಉಸಿರಾಟದ ತೊಂದರೆ ಅನ್ನುವ ನೋಡ್‌ಗೆ ಎರಡು ಪೇರೆಂಟ್: ‘ಕ್ಷಯ ಅಥವಾ ಕ್ಯಾನ್ಸರ್’ ಒಂದು, ಬ್ರಾಂಕೈಟಿಸ್ ಇನ್ನೊಂದು. ಈ ಕ್ರಮದಲ್ಲಿ ಅಂಕಿ 0.9 (ಎರಡೂ ಇದ್ದಾಗ), 0.7 (ಮೊದಲನೆಯದು ಮಾತ್ರ), 0.8 (ಎರಡನೆಯದು ಮಾತ್ರ), 0.1 (ಎರಡೂ ಇಲ್ಲ). ಕೊನೆಯ ಪೇರೆಂಟ್ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ ಅನ್ನುವುದು ಅಲ್ಲಿಯ ನಿಯಮ. ನಾನು ಪೇರೆಂಟ್‌ಗಳನ್ನು ಹಿಂದುಮುಂದು ಬರೆದು ಅಂಕಿಗಳನ್ನು ಹಾಗೇ ಬಿಟ್ಟೆ, 0.7 ಮತ್ತು 0.8 ಜಾಗ ಬದಲಾಯಿಸಿಕೊಂಡವು. ತಪ್ಪು ಹುಡುಕುವ ಅದರದೇ ಚೆಕ್ ಮಾಡೆಲ್ ಓಡಿಸಿದೆ, ಸರಿ ಅಂತು. ಅನ್ನದೆ ಇನ್ನೇನು, ಪ್ರತಿ ಕಾಲಮ್ಮೂ ಕೂಡಿದರೆ 1 ಬರುತ್ತದಲ್ವಾ! ಉಸಿರಾಟದ ತೊಂದರೆಯ ಒಟ್ಟು ಸಾಧ್ಯತೆ ಶೇ. 43.6 ಬರಬೇಕಿತ್ತು, 39.7 ಬಂತು. ಉತ್ತರ ಮೊದಲೇ ಗೊತ್ತಿದ್ದ ನೆಟ್‌ವರ್ಕ್ ಆಗಿದ್ದಕ್ಕೆ ಸಿಕ್ಕಿಬಿದ್ದೆ. ತಪ್ಪು ನನ್ನದೇ. ಸ್ಥಿತಿಗಳಿಗೆ ಹೆಸರು ಕೊಟ್ಟು, ಸಿಪಿಟಿಯನ್ನು ಒಮ್ಮೆ ಪ್ರಿಂಟ್ ಮಾಡಿದ್ದರೆ ತಲೆಬರಹ ಸಮೇತ ಟೇಬಲ್ ಎದುರಿಗೆ ಬರುತ್ತಿತ್ತು, ಸೋಮಾರಿತನ.

ನಾಲ್ಕನೆಯದೂ ಒಂದಿತ್ತು, ಹೆಸರು ಬೇಡ. ತುಂಬಿದ ಟೇಬಲ್‌ಗೆ ‘ಸಾಧಾರಣ’ ಅಂತ ಮೂರನೇ ಸ್ಥಿತಿ ಸೇರಿಸಿದೆ, ಹಳೆಯ ಅಂಕಿಗಳೆಲ್ಲ ಮಾಯ, ಅನ್‌ಡೂ ಕೂಡ ಇಲ್ಲ. ಅವತ್ತೇ ಡಿಲೀಟ್ ಮಾಡಿದೆ.

ನೀವು ಯಾವುದನ್ನೇ ಬಳಸಿ, ‘ಇದು ಆಗುವುದೇ ಇಲ್ಲ’ ಅಂತ ಸುಮ್ನೆ 0 ಬರೆಯಬೇಡಿ. ಆಮೇಲೆ ಎಂಥ ಪುರಾವೆ ಕೊಟ್ಟರೂ ಅದು 0 ಆಗಿಯೇ ಇರುತ್ತದೆ. 0.001 ಹಾಕಿ. ಏಷ್ಯಾದ ‘ಕ್ಷಯ ಅಥವಾ ಕ್ಯಾನ್ಸರ್’ ನೋಡ್ ಮಾತ್ರ ಬೇರೆ, ಅದು ಬರೀ ತರ್ಕ, ಅಲ್ಲಿ 0 ಮತ್ತು 1 ಸರಿಯೇ.

ಸದ್ಯಕ್ಕೆ ಅಂಕಿ ತುಂಬುವುದೆಲ್ಲ ಜಿನೀಯಲ್ಲಿ, ಆಮೇಲಿನ ಲೆಕ್ಕ ಪೈಥಾನ್‌ನಲ್ಲಿ. ಜಿನೀ ವಿಂಡೋಸ್‌ಗೆ ಮಾಡಿದ್ದು, ಮ್ಯಾಕ್ ಇರುವವರು ವೈನ್ (ವಿಂಡೋಸ್ ತಂತ್ರಾಂಶವನ್ನು ಬೇರೆ ಕಡೆ ಓಡಿಸುವ ಪ್ರೋಗ್ರಾಂ) ಹಾಕಿಕೊಳ್ಳಬೇಕಾಗುತ್ತದೆ.