ತುಕ್ಕು ಹಿಡಿದ ಎಂಎಂ 540: ರೆಡಿ ಮಾಡಿಸಿ ನಾಲ್ಕು ಮಳೆಗಾಲ ಆಯ್ತು, ಈಗ ಹೇಗಿದೆ?

ಗಾಡಿ ಮಹೀಂದ್ರ ಎಂಎಂ 540 ಜೀಪ್, 1991ರ ಮಾಡೆಲ್. ಕೊಂಡಿದ್ದು 2021ರ ಜನವರಿಯಲ್ಲಿ, ರಸ್ತೆಗೆ ಇಳಿದದ್ದು 2022ರ ಮೇನಲ್ಲಿ. ಅಲ್ಲಿಂದ ಈಚೆಗೆ ಸುಮಾರು 21,000 ಕಿ.ಮೀ. ಓಡಿದೆ. ನಾವಿರುವುದು ಮೂಡಿಗೆರೆ ಕಡೆ. ಮಳೆ ಎಷ್ಟು ಅಂತ ಬೇರೆ ಹೇಳಬೇಕಿಲ್ಲ.

ಇದಕ್ಕೂ ಮೊದಲು ನಾನು ಬೈಕಿನ ಪ್ಲಗ್ ಬಿಚ್ಚಿದ್ದು ಬಿಟ್ಟರೆ ಯಾವ ರಿಪೇರಿಯನ್ನೂ ಮಾಡಿದವನಲ್ಲ. ಮೊದಲ ವರ್ಷ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಹೊಸ ಪೇಂಟ್ ಹೊಳೆಯುವಾಗ ಎಲ್ಲಾ ಚೆಂದವೇ. ಎರಡನೇ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳಲು ಶುರುವಾದ ಮೇಲೆ, ಯಾವ ಕೆಲಸ ನಿಂತಿತು, ಯಾವುದು ಸುಮ್ನೆ ದುಡ್ಡು ದಂಡ ಅಂತ ಗೊತ್ತಾಗುತ್ತಾ ಬಂತು.

ಮೊದಲು ಗಾಡಿ ಬಗ್ಗೆ ಎರಡು ಮಾತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪನ್ನು ಬಿಡಿಬಿಡಿಯಾಗಿ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. ನನ್ನದು ಅದೇ ವಂಶದ ಮರಿ. ಒಳಗಿರುವುದು ಮಾತ್ರ ಫ್ರಾನ್ಸಿನ ಪೂಜೋ ಡೀಸೆಲ್ ಇಂಜಿನ್, 2112 ಸಿಸಿ, 62 ಕುದುರೆ ಶಕ್ತಿ. ನಮ್ಮ ಕಡೆ ಮೆಕ್ಯಾನಿಕ್‌ಗಳು ಅದನ್ನು ‘ಪಿಜೋಟ್’ ಅಂತಾನೇ ಕರೆಯುವುದು, ನಾನೂ ಈಗ ಹಾಗೇ ಕರೆಯುತ್ತೇನೆ. ಪವರ್ ಸ್ಟೀರಿಂಗ್ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್. ಸಾಧಾರಣ ಸ್ಪ್ಯಾನರ್ ಸೆಟ್ ಇದ್ದರೆ ಮುಕ್ಕಾಲು ಗಾಡಿ ಬಿಚ್ಚಬಹುದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ನನಗೆ ಸಿಕ್ಕಾಗ ಇದು ಒಂದು ಎಸ್ಟೇಟಿನ ಹಳೇ ಗೋಡೌನ್ ಪಕ್ಕ, ಹರಿದ ಟಾರ್ಪಾಲಿನ ಅಡಿ ನಿಂತಿತ್ತು. ಗಾಡಿ ತಳ್ಳಿದರೆ ಇಂಜಿನ್ ಸ್ಟಾರ್ಟ್ ಆಯ್ತು. ಅಷ್ಟಕ್ಕೇ ನಾನು ಕರಗಿಹೋದೆ. 1,10,000 ಕೊಟ್ಟು ತಂದೆ. ಮನೆಗೆ ತಂದ ಮೇಲೆ ಹಿಂದಿನ ರಬ್ಬರ್ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಒದ್ದೆ ಮಣ್ಣು, ಮಣ್ಣಿನಲ್ಲಿ ಮೊಳಕೆ ಒಡೆದ ಒಂದು ಕಾಫಿ ಬೀಜ. ಬೀಜವನ್ನೇ ತಲೆಗೆ ಟೋಪಿ ಹಾಕಿಕೊಂಡು ನೆಟ್ಟಗೆ ನಿಂತಿತ್ತು. ಅಪ್ಪಯ್ಯ ನೋಡಿ, “ಗಾಡಿ ತಂದ್ಯೋ, ನರ್ಸರಿ ತಂದ್ಯೋ?” ಅಂದರು. ನಾನು ನಗುತ್ತಾ ಸ್ಕ್ರೂಡ್ರೈವರ್‌ನಿಂದ ಆ ಮಣ್ಣು ಕೆರೆಯಲು ಹೋದೆ. ಸ್ಕ್ರೂಡ್ರೈವರ್ ತಗಡನ್ನೇ ದಾಟಿ ಹಿಡಿಯ ತನಕ ಇಳಿದು ನಿಂತಿತು.

ಟಿಂಕರಿಂಗ್ ಮೇಸ್ತ್ರಿ ಮಾರನೇ ದಿನ ಬಂದರು. ಸುತ್ತಿಗೆ ಹಿಡಿಯಿಂದ ಗಾಡಿಯ ಸುತ್ತ ತಟ್ಟುತ್ತಾ ಹೋದರು. ಗಟ್ಟಿ ತಗಡು ‘ಟಣ್’ ಅನ್ನುತ್ತೆ, ಸತ್ತ ತಗಡು ‘ದಪ್’ ಅನ್ನುತ್ತೆ. ನಮ್ಮ ಗಾಡಿಯಲ್ಲಿ ದಪ್ಪೇ ಜಾಸ್ತಿ. “ಏನ್ ಮಾರಾಯ್ರೆ, ಇದು ಜೀಪೋ ಜರಡಿಯೋ? ತಗೊಳ್ಳೋ ಮುಂಚೆ ಒಂದ್ ಮಾತು ಕೇಳಬಾರ್ದಿತ್ತಾ?” ಅಂದರು. ಕೇಳಬೇಕಿತ್ತು.

ಒಂದು ವಿಷಯ ಅವರು ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. ಮುಂದಿನ ಭಾಗಕ್ಕೆ ಮಳೆ ಹೆಚ್ಚು ಬಿದ್ದಿದೆ, ಆದರೆ ಕೊಳೆತಿರುವುದು ಹಿಂದಿನ ಫ್ಲೋರು. ಯಾಕೆ? ಮೂವತ್ತು ವರ್ಷ ಅಲ್ಲಿ ಗೊಬ್ಬರದ ಚೀಲ ಹೊತ್ತಿದೆ. ಪೊಟ್ಯಾಷ್ ಅಂದರೆ ಒಂದು ತರಹದ ಉಪ್ಪೇ ಅಲ್ವಾ? ಚೀಲದಿಂದ ಉದುರಿದ್ದು ಮ್ಯಾಟಿನ ಅಡಿ ಸೇರಿ, ತೇವ ಹೀರಿಕೊಂಡು, ಬಿಸಿಲಿನ ದಿನವೂ ತಗಡನ್ನು ಒಣಗಲು ಬಿಟ್ಟಿಲ್ಲ. ಎಸ್ಟೇಟ್ ಜೀಪು ಕೊಳ್ಳುವವರು ಬಾನೆಟ್ ಎತ್ತುವ ಮೊದಲು ಹಿಂದಿನ ಮ್ಯಾಟ್ ಎತ್ತಿ ನೋಡಿ.

ಇನ್ನೊಂದು ಚಾಸಿಸ್ ನಂಬರ್, ಅಂದರೆ ಬಾಡಿ ಕೂರುವ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಅಚ್ಚು ಹಾಕಿರುವ ನಂಬರ್. ಆರ್‌ಟಿಓದವರು ಅದರ ಪ್ರಿಂಟ್ ಕೇಳುತ್ತಾರೆ. ನನ್ನ ಗಾಡಿಯಲ್ಲಿ ಆ ಜಾಗ ಪೂರ್ತಿ ತುಕ್ಕಿನ ಪದರ. ಗ್ರೈಂಡರ್ ಇಟ್ಟಿದ್ದರೆ ನಂಬರೂ ಹೋಗುತ್ತಿತ್ತು, ಗಾಡಿ ಗುಜರಿ ಆಗುತ್ತಿತ್ತು. ಎರಡು ಸಂಜೆ ಡೀಸೆಲ್ ಸವರಿ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಒಂದೊಂದೇ ಅಂಕಿ ಮೇಲೆದ್ದು ಬಂತು. ಕೊನೆಯ ಅಂಕಿ 3 ಅಥವಾ 8 ಅಂತ ಅರ್ಧ ಗಂಟೆ ತಲೆಬಿಸಿ. ಆರ್‌ಸಿ ನೋಡಿದರೆ 8. ಈ ಇಡೀ ಪ್ರಾಜೆಕ್ಟ್‌ನಲ್ಲಿ ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

ತುಕ್ಕು ತೆಗೆದ ಕತೆಗೆ ಬರೋಣ. ದೊಡ್ಡ ಕೆಲಸಗಳನ್ನು ಹೊರಗೆ ಮಾಡಿಸಿದೆ. ಬಾಡಿ ಎತ್ತಿ, ಚಾಸಿಸ್‌ಗೆ ಸ್ಯಾಂಡ್ ಬ್ಲಾಸ್ಟಿಂಗ್ (ರಭಸವಾಗಿ ಮರಳು ಹೊಡೆದು ತುಕ್ಕು ಉದುರಿಸುವುದು), ಅದೇ ದಿನ ಪೇಂಟಿನ ಅಡಿಗೆ ಹೊಡೆಯುವ ಎಪಾಕ್ಸಿ ಪ್ರೈಮರ್. ಫ್ಲೋರಿಗೆ ಹೊಸ 16 ಗೇಜ್ ಶೀಟ್, ಪಕ್ಕದ ತೇಪೆಗಳಿಗೆ ಅದಕ್ಕಿಂತ ತೆಳುವಾದ 18 ಗೇಜ್. ಸಣ್ಣ ಸಾಮಾನುಗಳನ್ನು, ಅಂದರೆ ಬ್ರಾಕೆಟ್, ಹಿಂಜ್, ಬಾನೆಟ್ ಕ್ಲಿಪ್, ಪೆಡಲ್, ಎಲ್ಲವನ್ನೂ ನಾನೇ ಮನೆಯಲ್ಲಿ ನೀಲಿ ಡ್ರಮ್ಮಿನಲ್ಲಿ ಮುಳುಗಿಸಿದೆ. ನೂರು ಲೀಟರ್ ನೀರು, ಅರ್ಧ ಕೆಜಿ ವಾಷಿಂಗ್ ಸೋಡಾ, ಹಳೇ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಸಾಮಾನಿಗೆ ನೆಗೆಟಿವ್, ಬೇಡದ ಕಬ್ಬಿಣದ ರಾಡಿಗೆ ಪಾಸಿಟಿವ್. ಇದನ್ನು ಉಲ್ಟಾ ಕೊಟ್ಟರೆ ನಿಮ್ಮ ಸಾಮಾನೇ ಕರಗಿಹೋಗುತ್ತೆ. ರಾಡಿನ ಜಾಗಕ್ಕೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತೆ. ಕೆಲಸ ಬಯಲಲ್ಲೇ ಆಗಬೇಕು, ಏಕೆಂದರೆ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತೆ. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಬಗ್ಗಿ ನೋಡಲು ಬಂದಾಗ ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿತ್ತಂತೆ.

ಬೆಳಗ್ಗೆ ತೆಗೆದರೆ ತುಕ್ಕೆಲ್ಲ ಮೆತ್ತಗಿನ ಕಪ್ಪು ಕೆಸರಾಗಿರುತ್ತೆ, ಬ್ರಷ್ ತಾಗಿಸಿದರೆ ಬಿಟ್ಟುಕೊಳ್ಳುತ್ತೆ. ಒಂದು ಹಿಂಜಿನ ಮೇಲೆ ಮೂವತ್ತು ವರ್ಷದಿಂದ ಕಾಣದಿದ್ದ ಅಚ್ಚಿನ ಗುರುತು ಎದ್ದು ಬಂದಿತ್ತು. ಆದರೆ ಒಂದು ಗಂಟೆ ಹಾಗೇ ಬಿಟ್ಟರೆ ಮತ್ತೆ ಕೆಂಪು ಪುಡಿ ಕೂರುತ್ತೆ. ತಕ್ಷಣ ಒಣಗಿಸಿ ಪ್ರೈಮರ್ ಹೊಡೆಯಬೇಕು. ಹೀಗೆ ಮಾಡಿದ ಒಂದೇ ಒಂದು ಸಾಮಾನೂ ಈ ನಾಲ್ಕು ಮಳೆಗೆ ತುಕ್ಕು ಹಿಡಿದಿಲ್ಲ. ಡಬ್ಬಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಕೂಡ ಬಳಸಿದ್ದೇನೆ. ತೆಳು ತುಕ್ಕಿಗೆ ಸರಿ, ಕಪ್ಪಾಗಿ ಗಟ್ಟಿಯಾಗುತ್ತೆ. ಪದರ ಪದರ ಎದ್ದಿರುವ ತುಕ್ಕಿನ ಮೇಲೆ ಹಚ್ಚುವುದು ಕೊಳೆತ ಹಲಸಿಗೆ ಜೇನು ಸವರಿದ ಹಾಗೆ.

ಬಣ್ಣದ ವಿಷಯದಲ್ಲಿ ನನಗೆ ಮಿಲಿಟರಿ ಹಸಿರು ಬೇಕಿತ್ತು. ಆಗಲ್ಲ. ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಬಣ್ಣ ಹೊಡೆಸಿದರೂ ಆರ್‌ಸಿಯಲ್ಲಿ ನಮೂದಿಸಬೇಕು. ಹಾಗಾಗಿ ಆರ್‌ಸಿಯಲ್ಲಿದ್ದ ಬಿಳಿಯನ್ನೇ ಹೊಡೆಸಿದೆ, ಬೇಜಾರಿನಿಂದಲೇ. ಈಗ ಅದೇ ವರವಾಗಿದೆ. ಬಿಳಿ ಮೇಲೆ ತುಕ್ಕು ಬಚ್ಚಿಟ್ಟುಕೊಳ್ಳಲು ಆಗಲ್ಲ. ಎಲ್ಲಿ ನೀರು ಒಳಗೆ ಸೇರಿದೆಯೋ ಅಲ್ಲಿಂದ ಟೀ ಡಿಕಾಕ್ಷನ್ ಬಣ್ಣದ ಸಣ್ಣ ಗೆರೆ ಇಳಿಯುತ್ತೆ.

ಅಂಥ ಮೊದಲ ಗೆರೆ ಕಂಡಿದ್ದು 2023ರ ಜುಲೈನಲ್ಲಿ, ಎಡಗಡೆ ಹಿಂದಿನ ಮೂಲೆಯಲ್ಲಿ. ಅಲ್ಲಿ ತೇಪೆ ಸರಿಯಾಗಿ ಕೂರದೆ ಪುಟ್ಟಿ ದಪ್ಪ ಹಾಕಿ ಮುಚ್ಚಿದ್ದೆವು. ಬೇಗ ಮುಗಿಸಿ ಅಂತ ಅವಸರ ಮಾಡಿದವನು ನಾನೇ. ಹೆಬ್ಬೆರಳಿಂದ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಪುಟ್ಟಿ ನೀರು ಹೀರುತ್ತೆ, ಹೀರಿದ್ದನ್ನು ಬಿಡಲ್ಲ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಫ್ಲೋರಿನ ಅಡಿ ಆಧಾರಕ್ಕೆ ಇರುವ ಪೊಳ್ಳು ಪಟ್ಟಿಗಳ ಎರಡೂ ತುದಿಗಳನ್ನು ವೆಲ್ಡ್ ಮಾಡಿ ಮುಚ್ಚಿಸಿದೆ. ನೀರು ಒಳಗೇ ಹೋಗದಿದ್ದರೆ ತುಕ್ಕು ಎಲ್ಲಿಂದ ಬರುತ್ತೆ ಅಂತ ನನ್ನ ಲೆಕ್ಕ. ಮೇಸ್ತ್ರಿ ಬೇಡ ಅಂದರೂ ಕೇಳಲಿಲ್ಲ. ಬೋಲ್ಟಿನ ತೂತಿನಿಂದ ನೀರು ಇಳಿಯಿತು, ಹೊರಗೆ ಬರಲು ದಾರಿ ಇಲ್ಲ. 2024ರಲ್ಲಿ ತೂತು ಕೊರೆದಾಗ ಅರ್ಧ ಲೋಟದಷ್ಟು ಕೆಂಪು ನೀರು ಸುರಿಯಿತು. ಮೇಸ್ತ್ರಿ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಈಗ ತುದಿಗಳು ತೆರೆದಿವೆ. ಫ್ಲೋರಿನ ನಾಲ್ಕು ಮೂಲೆಗೂ 12 ಎಂಎಂ ತೂತು ಇದೆ. ಮ್ಯಾಟ್ ತೆಗೆದು ಬಿಸಾಡಿದ್ದೇನೆ. ಒದ್ದೆಯಾದರೆ ಆಗಲಿ, ಇಳಿದು ಹೋಗುತ್ತೆ, ಒಣಗುತ್ತೆ.

ಅಡಿಭಾಗಕ್ಕೆ ಬಳಿಸಿದ್ದ ಟಾರ್ ಕೋಟಿಂಗ್ ಕೂಡ ಇದೇ ಕತೆ. ಕಲ್ಲು ಬಡಿದು ಒಂದು ಕಡೆ ಬಿರುಕು ಬಿಟ್ಟಿತು, ಅದರ ಹಿಂದೆ ನೀರು ಕೂತಿತು. ಕೆರೆದು ತೆಗೆದೆ. ಬರೀ ಎಪಾಕ್ಸಿ ಪ್ರೈಮರ್ ಮತ್ತು ಪೇಂಟ್ ಇರುವ ಚಾಸಿಸ್ ಮಾತ್ರ ಇವತ್ತಿಗೂ ಚೆನ್ನಾಗಿದೆ.

ಓಡಿಸುವ ಬಗ್ಗೆ ಹೇಳುವುದು ಕಡಿಮೆ ಇದೆ. ಲೀಟರಿಗೆ 11ರಿಂದ 12 ಕಿ.ಮೀ. ಕೊಡುತ್ತೆ. ಗಂಟೆಗೆ 60ರ ಮೇಲೆ ಪಕ್ಕದವರ ಮಾತು ಕೇಳಲ್ಲ, ಕೆಲವೊಮ್ಮೆ ಅದೂ ಒಳ್ಳೆಯದೇ. ಡಿಸೆಂಬರ್ ಚಳಿಯಲ್ಲಿ ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗಿನ ಹೀಟರ್ ಪ್ಲಗ್ ಬಿಸಿಯಾಗಲು ತಾಳ್ಮೆ ಬೇಕು. ಹಳ್ಳ ದಾಟಿದ ಮೇಲೆ ಡ್ರಮ್ ಒದ್ದೆಯಾಗಿ ಬ್ರೇಕ್ ಹಿಡಿಯಲ್ಲ. ನಿಧಾನವಾಗಿ ಹೋಗುತ್ತಾ ಪೆಡಲ್ ಮೆಲ್ಲಗೆ ಒತ್ತಿಕೊಂಡು ಒಣಗಿಸಬೇಕು. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೊಸ ವೈರಿಂಗ್ ಮಾಡಿಸಿದ ಮೇಲೂ ಹೆಡ್‌ಲೈಟ್ ಮಂಕಾಗಿತ್ತು. ಮೂರು ತಿಂಗಳು ಹುಡುಕಿದ ಮೇಲೆ ಸಿಕ್ಕಿದ ಕಾರಣ: ವೈರು ಬಾಡಿಯ ಬರಿ ತಗಡಿಗೆ ತಾಗಬೇಕಾದ ಅರ್ತ್ ಜಾಗಕ್ಕೂ ಚೆಂದಾಗಿ ಪೇಂಟ್ ಹೊಡೆದಿದ್ದೆವು!

ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡುವುದರ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಒಮ್ಮೆ ಕೆಸರಿನ ದಾರಿಯಿಂದ ಬಂದವನು ಮರೆತು ಡಾಂಬರು ರಸ್ತೆಯಲ್ಲೂ ಅದರಲ್ಲೇ ಹೋದೆ. ತಿರುವಿನಲ್ಲಿ ಗಾಡಿ ಹಿಡಿದು ಎಳೆದ ಹಾಗಾಯಿತು. ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಸುತ್ತುವ ಲೆಕ್ಕ ಬೇರೆ. ಗಟ್ಟಿ ರಸ್ತೆಯಲ್ಲಿ ಚಕ್ರ ಜಾರಲ್ಲ, ಒಳಗೆಲ್ಲ ಬಿಗಿಯುತ್ತೆ. ಫೋರ್ ವೀಲ್ ಬಿಡಿಸುವ ಲಿವರ್ ಎಷ್ಟು ಎಳೆದರೂ ಬರಲಿಲ್ಲ. ನಾಲ್ಕು ಮಾರು ರಿವರ್ಸ್ ಹೋದ ಮೇಲೆ ‘ಟಕ್’ ಅಂತ ಬಿಟ್ಟುಕೊಂಡಿತು. ಲಿವರ್ ಮೇಲೆ ಜೋರು ಮಾಡಬೇಡಿ.

ದುಡ್ಡು? ಒಂದೂವರೆ ಲಕ್ಷದಲ್ಲಿ ರೆಡಿ ಅಂದುಕೊಂಡಿದ್ದೆ. ಆಗಿದ್ದು 2,82,000, ಗಾಡಿ ಬೆಲೆ ಬಿಟ್ಟು. ಇಂಜಿನ್ ಕೆಲಸ 74,000 ನುಂಗಿತು, ಟಿಂಕರಿಂಗ್ 68,000. ಬಿಡಿಭಾಗ ಸಿಗುತ್ತೆ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಮುಕ್ಕಾಲು ಪಾಲು ಒಂದೇ ದಿನದಲ್ಲಿ. ಆರ್‌ಸಿ ರಿನೀವಲ್‌ಗೆ 2022ರಲ್ಲಿ 5,000 ಕಟ್ಟಿದೆ, ತಡವಾದದ್ದಕ್ಕೆ ದಂಡ ಬೇರೆ. 20 ವರ್ಷ ದಾಟಿದ ಇಂಥ ಗಾಡಿಗಳಿಗೆ 2025ರ ಆಗಸ್ಟ್‌ನಿಂದ ಆ ಶುಲ್ಕ 10,000 ಆಗಿದೆ. ಮಾರಿದರೆ ಹಾಕಿದ್ದು ವಾಪಸ್ ಬರುತ್ತಾ ಅಂತ ಲೆಕ್ಕ ಹಾಕುವವರು ಈ ದಾರಿಗೆ ಬರಬೇಡಿ. ನನ್ನ ಹೆಂಡತಿ ಹಾಕಿದ್ದಾಳೆ, ಬರಲ್ಲವಂತೆ.

ನನ್ನ ಸ್ಟಾರ್: ಜೀಪಿಗೆ ನಾಲ್ಕು, ನನ್ನ ಕೆಲಸಕ್ಕೆ ಎರಡೂವರೆ.

ಕಳೆದ ವಾರ ತೊಳೆಯುವಾಗ ಮುಂದಿನ ಗ್ಲಾಸಿನ ಫ್ರೇಮಿನ ಕೆಳಗೆ ಮತ್ತೊಂದು ಟೀ ಗೆರೆ ಕಂಡಿದೆ. ರಬ್ಬರ್ ಬೀಡಿಂಗ್ ಅಡಿ ನೀರು ನಿಲ್ಲುತ್ತಿರಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಗ್ಲಾಸ್ ಬಿಚ್ಚಬೇಕು. ಮೇಸ್ತ್ರಿಗೆ ಕಣ್ಣಿನ ಆಪರೇಷನ್ ಆಗಿದೆ, ಈಗ ವೆಲ್ಡಿಂಗ್ ಹಿಡಿಯಲ್ಲ. “ನೀವೇ ಮಾಡಿ, ನಾನು ಪಕ್ಕದಲ್ಲಿ ಕೂತಿರ್ತೀನಿ” ಅಂದಿದ್ದಾರೆ.