ಎರಡು ಸೀಸನ್ ಬಳಸಿದ ಮೇಲೆ: ಜೇಬಿನ ಎಎಂ ಟ್ರಾನ್ಸಿಸ್ಟರ್

ಈ ಪುಟ್ಟ ಟ್ರಾನ್ಸಿಸ್ಟರನ್ನು ನಾನು ಕೊಂಡದ್ದು 2024ರ ಏಪ್ರಿಲ್‌ನಲ್ಲಿ, ಸಿಯಾಟಲ್ ಬಿಟ್ಟು ಲಾಸ್ ಏಂಜಲೀಸಿಗೆ ಬಂದ ತಿಂಗಳಲ್ಲೇ. ಇಲ್ಲಿನ ಬೇಸ್‌ಬಾಲ್ ತಂಡವಾದ ಡಾಡ್ಜರ್ಸ್‌ನ ಆಟಗಳನ್ನು ಟಿವಿಯಲ್ಲಿ ನೋಡುವ ತಿಂಗಳ ಚಂದಾ ನಮ್ಮ ಮನೆಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಎಎಂ 570 ರೇಡಿಯೊ ನಿಲಯದಲ್ಲಿ ಅದೇ ಆಟದ ಕಾಮೆಂಟರಿ ಖರ್ಚಿಲ್ಲದೆ ಸಿಗುತ್ತದೆ. ಇಪ್ಪತ್ತೈದು ಡಾಲರಿಗಿಂತ ಕಡಿಮೆ ಬೆಲೆಯ ಈ ಸಾಧನದ ಧ್ವನಿ ಚೆನ್ನಾಗಿದೆ, ಎರಡು ಪೆನ್ಸಿಲ್ ಸೆಲ್ಲುಗಳು ವಾರಗಟ್ಟಲೆ ಬಾಳುತ್ತವೆ. ಆದರೆ ಇದರ ಟ್ಯೂನಿಂಗ್ ಚಕ್ರ ನನ್ನನ್ನು ಮೊದಲ ಬೇಸಿಗೆಯುದ್ದಕ್ಕೂ ಕಾಡಿತು. ಚಕ್ರದ ಅಂಚು ಪೆಟ್ಟಿಗೆಯಿಂದ ಹೊರಚಾಚಿರುವುದರಿಂದ, ಜೇಬಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಸಾಕು, 570 ಜಾರಿ ಬರೀ ಗರಗರ ಸದ್ದು ಉಳಿಯುತ್ತದೆ. ಜೇಬಿನಲ್ಲಿಡಲೆಂದೇ ಮಾರುವ ರೇಡಿಯೊಗೆ ಇದು ಕ್ಷಮಿಸುವಂಥ ದೋಷವಲ್ಲ.

ಆ ಆಗಸ್ಟ್‌ನಲ್ಲಿ ಸಿಯಾಟಲ್‌ನ ಮ್ಯಾರಿನರ್ಸ್ ತಂಡ ಮೂರು ಆಟಗಳಿಗಾಗಿ ಡಾಡ್ಜರ್ ಸ್ಟೇಡಿಯಂಗೆ ಬಂದಿತ್ತು. ಯೂನಿಯನ್ ಸ್ಟೇಷನ್‌ನಿಂದ ಟಿಕೆಟ್ ಇದ್ದವರಿಗೆ ಉಚಿತವಾಗಿ ಓಡುವ ಬಸ್ಸು ಹಿಡಿದು, ಮ್ಯಾರಿನರ್ಸ್ ಟೋಪಿಯನ್ನೇ ಧರಿಸಿ, ಅಗ್ಗದ ಮೇಲಂತಸ್ತಿನ ಆಸನಕ್ಕೆ ಹೋದೆ. ಅಷ್ಟು ಎತ್ತರದಿಂದ ಪಿಚರ್ ಎಸೆದ ಚೆಂಡು ಯಾವ ಬಗೆಯದೆಂದು ತಿಳಿಯುವುದಿಲ್ಲ, ಅದಕ್ಕೇ ರೇಡಿಯೊ ಬೇಕು. ಫೋನಿನಲ್ಲಿ ಇಂಟರ್ನೆಟ್ ಮೂಲಕ ಕೇಳಿದರೆ ಜನ ಎದ್ದು ಕೂಗಿ ಕುಳಿತ ಮೇಲೆ ಹೊಡೆತದ ವಿವರಣೆ ಬರುತ್ತದೆ. ಟ್ರಾನ್ಸಿಸ್ಟರಿನಲ್ಲಿ ಆ ಅಂತರ ಕೆಲವೇ ಕ್ಷಣಗಳದ್ದು. ನಾನು ಮತ್ತೆ ಮತ್ತೆ ಚಕ್ರ ತಿರುಗಿಸುವುದನ್ನು ಕಂಡ ಪಕ್ಕದ ಆಸನದ ಹಿರಿಯರೊಬ್ಬರು ರೇಡಿಯೊ ಕೇಳಿ ತೆಗೆದುಕೊಂಡರು, 570ಕ್ಕೆ ಕೂಡಿಸಿದರು, ತಮ್ಮ ಚೀಲದಲ್ಲಿದ್ದ ಗಾಯದ ಪಟ್ಟಿಯೊಂದನ್ನು ಬಿಡಿಸಿ ಚಕ್ರದ ಮೇಲೆ ಅಡ್ಡಲಾಗಿ ಅಂಟಿಸಿ ಮರಳಿಸಿದರು. ಡಾಡ್ಜರ್ಸ್ ತಂಡ 1958ರಲ್ಲಿ ಬ್ರೂಕ್ಲಿನ್‌ನಿಂದ ಇಲ್ಲಿಗೆ ಬಂದು ಕೊಲಿಸಿಯಂ ಕ್ರೀಡಾಂಗಣದ ವಿಶಾಲ ಅಂಗಳದಲ್ಲಿ ಆಡುತ್ತಿದ್ದಾಗ, ದೂರದಿಂದ ಆಟ ಕಾಣದ ಸಾವಿರಾರು ಜನ ಟ್ರಾನ್ಸಿಸ್ಟರ್ ತಂದು ಕಾಮೆಂಟೇಟರ್ ವಿನ್ ಸ್ಕಲ್ಲಿಯವರ ಧ್ವನಿಯಲ್ಲೇ ಆಟ ನೋಡುತ್ತಿದ್ದರು. ತಂದೆಯ ಪಕ್ಕ ಕುಳಿತಿದ್ದ ಎಂಟು ವರ್ಷದ ಹುಡುಗನಾಗಿ ತಾವೂ ಹಾಗೆಯೇ ಕೇಳಿದ್ದಾಗಿ ಹೇಳಿದರು. ನನ್ನ ಟೋಪಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮ್ಯಾರಿನರ್ಸ್ ಮೂರು ಆಟಗಳನ್ನೂ ಸೋತು ಹೋಯಿತು. ಆ ಪಟ್ಟಿ ಇಂದಿಗೂ ಚಕ್ರದ ಮೇಲಿದೆ.

ಜೇಬಿನಲ್ಲಿಡುವ ಆಸೆ ಬಿಟ್ಟ ಮೇಲೆ ರೇಡಿಯೊಗೆ ಅಡುಗೆಮನೆಯ ಕಿಟಕಿಕಟ್ಟೆ ಕಾಯಂ ಜಾಗವಾಯಿತು. ಸಂಜೆಯ ಆಟಗಳು ಸಾಮಾನ್ಯವಾಗಿ ಏಳು ದಾಟಿ ಶುರುವಾಗುತ್ತವೆ, ನಮ್ಮ ಮನೆಯಲ್ಲಿ ಒಗ್ಗರಣೆಯ ಹೊತ್ತೂ ಅದೇ. ಇಂಡಕ್ಷನ್ ಒಲೆ ಹಚ್ಚಿದೊಡನೆ ಎಎಂ ತುಂಬಾ ಗುಂಯ್‌ಗುಡುತ್ತದೆ. ಎಎಂ ರೇಡಿಯೊದ ಒಳಗಿನ ಫೆರೈಟ್ ಕಡ್ಡಿಯೇ ಅದರ ಆಂಟೆನಾ, ಅದು ಎತ್ತ ಮುಖಮಾಡಿದೆ ಎಂಬುದರ ಮೇಲೆ ಗ್ರಹಣಶಕ್ತಿ ನಿಂತಿದೆ ಎಂಬುದನ್ನು ಕಲಿತ ಮೇಲೆ, ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಗುಂಯ್ ಅಡಗಿ ಮಾತು ತೆರೆದುಕೊಳ್ಳುವ ಕೋನ ಹುಡುಕಿ, ಕಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟೆ. ದಿನವೂ ರೇಡಿಯೊವನ್ನು ಆ ಗೆರೆಗೆ ಕೂಡಿಸಿದ ಮೇಲೆಯೇ ಸಾಸಿವೆ ಸಿಡಿಸುವುದು.

ನನ್ನ ನಿಷ್ಠೆ ಇಂದಿಗೂ ಸಿಯಾಟಲ್‌ನದೇ. ಅಲ್ಲಿ 1977ರ ಮೊದಲ ಆಟದಿಂದ 2010ರಲ್ಲಿ ತೀರಿಕೊಳ್ಳುವವರೆಗೆ ವಿವರಣೆ ನೀಡಿದ ಡೇವ್ ನೀಹಾಸ್ ಅವರಿಂದಲೇ ನಾನು ಬೇಸ್‌ಬಾಲ್ ಅರ್ಥಮಾಡಿಕೊಂಡದ್ದು. ಸಿಯಾಟಲ್‌ನಲ್ಲಿ ಆಟ ಬರುವ 710ಕ್ಕೆ ಇಲ್ಲಿ ತಿರುಗಿಸಿದರೆ ಅದೇ ಅಂಕಿಯಲ್ಲಿ ಲಾಸ್ ಏಂಜಲೀಸಿನ ಬೇರೊಂದು ನಿಲಯ ಮಾತಾಡುತ್ತದೆ. ಮೊದಲ ರಾತ್ರಿ ಅದನ್ನು ಕೇಳಿ ಬಹಳ ಬೇಸರವಾಗಿತ್ತು. 2025ರ ಅಕ್ಟೋಬರ್ 20ರಂದು, ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ಗೆ ಒಂದೇ ಗೆಲುವು ಬಾಕಿಯಿದ್ದಾಗ, ಮ್ಯಾರಿನರ್ಸ್ ಆಟವನ್ನು ಫೋನಿನಲ್ಲೇ ಕೇಳಬೇಕಾಯಿತು. ಏಳನೆಯ ಇನ್ನಿಂಗ್ಸ್‌ನಲ್ಲಿ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಮೂರು ರನ್ನುಗಳ ಹೋಮ್ ರನ್ (ಚೆಂಡು ಅಂಗಳದಾಚೆ ಹೋಗುವ ಹೊಡೆತ) ಹೊಡೆದ ಸುದ್ದಿ ಸಿಯಾಟಲ್‌ನ ಗೆಳೆಯನ "ಅಯ್ಯೋ, ಹೋಯ್ತು" ಎಂಬ ಸಂದೇಶವಾಗಿ ಮೊದಲೇ ಬಂತು. ಕಾಮೆಂಟರಿಯಲ್ಲಿ ಪಿಚರ್ ಇನ್ನೂ ಆ ಚೆಂಡನ್ನು ಎಸೆದಿರಲಿಲ್ಲ. 4-3ರಲ್ಲಿ ಸೋತೆವು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ವರ್ಲ್ಡ್ ಸೀರೀಸ್ ಆಡದ ತಂಡ ನಮ್ಮದು.

ವಾರ ಕಳೆಯುವಷ್ಟರಲ್ಲಿ ಅದೇ ಟೊರಾಂಟೊ ವಿರುದ್ಧ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಆಡತೊಡಗಿತು. ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯಬೇಕಿದ್ದ ಮೂರನೆಯ ಆಟ ಸಮವಾಗಿಯೇ ಉಳಿದು 18 ಇನ್ನಿಂಗ್ಸ್ ನಡೆದು, ನಡುರಾತ್ರಿಯ ಹೊತ್ತಿಗೆ ಫ್ರೆಡ್ಡಿ ಫ್ರೀಮನ್ ಅವರ ಹೋಮ್ ರನ್‌ನಿಂದ ಮುಗಿಯುವವರೆಗೂ ಕಿಟಕಿಕಟ್ಟೆಯ ಪಕ್ಕದಲ್ಲೇ ಕುಳಿತಿದ್ದೆ. ನವೆಂಬರ್ 1ರ ಏಳನೆಯ ಆಟದಲ್ಲಿ, ಒಂಬತ್ತನೆಯ ಇನ್ನಿಂಗ್ಸ್ ಬಂದಾಗ ಡಾಡ್ಜರ್ಸ್ ಒಂದು ರನ್ ಹಿಂದಿತ್ತು. ಹುಳಿ ಅರ್ಧ ಕುದಿದಿತ್ತು. ಇನ್ನಷ್ಟು ಸ್ಪಷ್ಟವಾಗಿ ಕೇಳಬೇಕೆಂದು ಒಲೆ ಆರಿಸಿದೆ. ಹಿನ್ನೆಲೆಯ ಗುಂಯ್ ನಿಂತ ಆ ಮೌನದಲ್ಲೇ ಮಿಗೆಲ್ ರೋಹಾಸ್ ಆಟವನ್ನು ಸಮಗೊಳಿಸಿದ ಹೋಮ್ ರನ್ ಕೇಳಿಸಿತು. ಹನ್ನೊಂದನೆಯದರಲ್ಲಿ ವಿಲ್ ಸ್ಮಿತ್ ಮುನ್ನಡೆ ಕೊಟ್ಟು 5-4ರಲ್ಲಿ ಗೆದ್ದಾಗ ನೆರೆಮನೆಗಳಿಂದ ಕೂಗು ಎದ್ದಿತು, ನಾನೂ ಕೂಗಿದೆ. ಹುಳಿ ಕುದಿಸಿ ಊಟ ಮಾಡಿದಾಗ ಬಹಳ ಹೊತ್ತಾಗಿತ್ತು.

ನಡೆದಾಡುತ್ತಾ ಕೇಳುವವರು ಅಂಕಿ ಒತ್ತಿ ಬೀಗ ಹಾಕುವ ಡಿಜಿಟಲ್ ಮಾದರಿಯನ್ನೇ ಕೊಳ್ಳಲಿ. ಒಂದೆಡೆ ಇಟ್ಟು ಕೇಳುವವರಿಗೆ ಇದು ಸಾಕು. ಇದು ಹಾಳಾದರೆ ನಾನು ಇದನ್ನೇ ಮತ್ತೆ ಕೊಳ್ಳುತ್ತೇನೆ.